ಹಳೇ ಲೇತೋ, ಹೊಸಾ ಲೇತೋ?

ಕಥೆ, ಕವನ, ಹರಟೆಗಳ ನಡುವೆ ಇವತ್ತೊಂದು ಎಣ್ಣೆ-ಗ್ರೀಸಿನ ವಿಷಯ. ಬೇಜಾರು ಮಾಡ್ಕೋಬೇಡಿ :-)

ಸಣ್ಣ ವರ್ಕ್‌ಶಾಪ್ ಹಾಕೋಕೆ ಹೊರಟವರ ಮೊದಲ ತಲೆನೋವು ಲೇತು. ಕೈಲಿರೋ ದುಡ್ಡಿಗೆ ಹೊಸಾ ಹಗುರ ಲೇತು ತಗೊಳ್ಳೋದಾ, ಇಲ್ಲಾ ಯಾವುದೋ ಫ್ಯಾಕ್ಟರಿಯಿಂದ ಹೊರಬಿದ್ದ ಹಳೇ ಎಚ್‌ಎಂಟಿನೋ ಕಿರ್ಲೋಸ್ಕರೋ ತರೋದಾ? ರಿಪೇರಿ ಕೆಲಸ, ಬಿಡಿ ಬಿಡಿ ಜಾಬು ಮಾಡೋರಾದ್ರೆ ನನ್ನ ಓಟು ಹಳೇದಕ್ಕೆ. ಆದ್ರೆ ಕಣ್ಣುಮುಚ್ಚಿ ಅಲ್ಲ.

ಲೇತು ನಮ್ಮ ನಾಡಿಗೆ ಹೊಸದೇನಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯ್ತು. 1953ರಲ್ಲಿ ಬೆಂಗಳೂರಲ್ಲಿ ಎಚ್‌ಎಂಟಿ ಹುಟ್ಟಿತು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿ ಜೊತೆ ಸೇರಿ ಅವರು ಮೊದಲು ಮಾಡಿದ್ದೇ ಲೇತು. ಹರಿಹರದ ಕಾರ್ಖಾನೆ ಮುಚ್ಚಿ ವರ್ಷಗಳೇ ಆದವು, ಅಲ್ಲಿನ ಲೇತುಗಳು ಮಾತ್ರ ಇನ್ನೂ ತಿರುಗ್ತಿವೆ.

ಇದರ ಗುಟ್ಟು ತೂಕದಲ್ಲಿದೆ. ದಪ್ಪ ಎರಕದ ಕಬ್ಬಿಣದ ಬೆಡ್ಡು ನಡುಕವನ್ನ ನುಂಗಿಬಿಡುತ್ತೆ. ಹಗುರ ಮೆಷಿನ್ನಲ್ಲಿ ಸ್ವಲ್ಪ ಆಳದ ಕಟ್ ಕೊಟ್ರೆ ಸಾಕು, ಜಾಬ್ ಮೇಲೆ ಅಲೆ ಅಲೆ ಗುರುತು. ಇನ್ನೊಂದು, ಹಳೇ ಲೇತಿನ ಗೇರೋ ಬುಷ್ಷೋ ಸವೆದ್ರೆ ಊರಲ್ಲೇ ಯಾರಾದ್ರೂ ಮಾಡಿಕೊಡ್ತಾರೆ. ಸ್ಪೀಡ್ ಕಂಟ್ರೋಲಿನ ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟುಹೋದ್ರೆ? ಪಾರ್ಸೆಲ್ ಬರೋವರೆಗೂ ಕೂತು ನೊಣ ಹೊಡೀಬೇಕು.

ಆದ್ರೆ ಬೆಳ್ಳಗಿರೋದೆಲ್ಲ ಹಾಲಲ್ಲ, ಹಸಿರು ಪೇಂಟ್ ಹೊಡೆದಿರೋದೆಲ್ಲ ಒಳ್ಳೇ ಲೇತಲ್ಲ. ಬೆಡ್ಡು ಹೆಚ್ಚಾಗಿ ಸವೆಯೋದು ಚಕ್ ಹತ್ತಿರ, ಯಾಕಂದ್ರೆ ಕೆಲಸ ನಡೆಯೋದೇ ಅಲ್ಲಿ. ಸ್ಯಾಡಲ್ಲನ್ನ ಅಲ್ಲಿ ಕೊಂಚ ಬಿಗಿ ಮಾಡಿ ಟೇಲ್‌ಸ್ಟಾಕ್ ಕಡೆ ಓಡಿಸಿ ನೋಡಿ. ಮಧ್ಯದಲ್ಲಿ ಸಿಕ್ಕಿಕೊಂಡ್ರೆ ಬೆಡ್ಡು ತಿಂದುಹೋಗಿದೆ ಅಂತಲೇ ಲೆಕ್ಕ. ಆಮೇಲೆ ಚಕ್ಕಿಗೆ ದಪ್ಪ ರಾಡ್ ಹಿಡಿಸಿ, ಟೇಲ್‌ಸ್ಟಾಕ್ ಆಧಾರವಿಲ್ಲದೆ ನಾಲ್ಕೈದು ಇಂಚು ಹಗುರವಾಗಿ ಟರ್ನ್ ಮಾಡಿ, ಎರಡೂ ತುದಿ ಮೈಕ್ರೋಮೀಟರಲ್ಲಿ ಅಳೀರಿ. ಓಡಿಸಿ ತೋರಿಸೋಕೆ ಒಪ್ಪದವರ ಹತ್ರ ವ್ಯಾಪಾರವೇ ಬೇಡ. ಲೀಡ್‌ಸ್ಕ್ರೂ ಇಂಚಿನದೋ ಅಂತಲೂ ಕೇಳಿ. ಇಂಚಿನದಾದ್ರೆ ಮಿಲಿಮೀಟರ್ ಮರೆ ಕರಾರುವಾಕ್ಕಾಗಿ ಹಾಕೋಕೆ 127 ಹಲ್ಲಿನ ಗೇರ್ ಬೇಕು. ಒಂದು ಇಂಚು ಅಂದ್ರೆ 25.4 ಮಿ.ಮೀ., ಅದರ ಐದರಷ್ಟು 127. ಲೆಕ್ಕ ಅಷ್ಟೇ!

ಹೊಸದು ಯಾರಿಗೆ? ಒಂದೇ ಥರದ ನೂರಾರು ಪೀಸು ದಿನಾ ಕೊಡಬೇಕಾದವರಿಗೆ. ಕಾರ್ಬೈಡ್ ಟೂಲಿಗೆ ಬೇಕಾದ ವೇಗ ಹಳೇ ಮೆಷಿನ್ನುಗಳಲ್ಲಿ ಎಷ್ಟೋ ಸಲ ಸಿಗಲ್ಲ. ಚಕ್ ಗಾರ್ಡು, ಎಮರ್ಜೆನ್ಸಿ ಸ್ಟಾಪು ಕೂಡ ಹೊಸದರ ದೊಡ್ಡ ಲಾಭ. ಹಳೇದು ತಂದೋರು ಇವೆರಡನ್ನೂ ಮೊದಲು ಹಾಕಿಸಿ. ಬೆರಳು ಹೋದ್ರೆ ಬಿಡಿಭಾಗ ಎಲ್ಲೂ ಸಿಗಲ್ಲ.

ಸಣ್ಣ ವರ್ಕ್‌ಶಾಪ್ ಮುಳುಗೋದು ಕೆಲಸ ಇಲ್ಲದ ತಿಂಗಳಲ್ಲಿ. ಆಗ ನಿಂತ ಹಳೇ ಲೇತು ಅನ್ನ ಕೇಳಲ್ಲ, ಹೊಸ ಲೇತಿನ ಸಾಲದ ಕಂತು ಕೇಳುತ್ತೆ. ಹಾಗಾಗಿ ಉಳಿದ ದುಡ್ಡಲ್ಲಿ ಒಳ್ಳೇ ಚಕ್ಕು, ಒಳ್ಳೇ ಅಳತೆ ಸಾಮಾನು ತಗೊಳ್ಳಿ ಅನ್ನೋದು ನನ್ನ ವಾದ.

ನೀವೇನಂತೀರಿ? ನಿಮ್ಮೂರ ಟರ್ನರ್‌ಗಳು ಬೇರೆ ಮಾತು ಹೇಳ್ತಿದ್ರೆ ಅದನ್ನೂ ಬರೀರಿ.