ಅವ್ವ ಸುಮ್ಮನಿದ್ರ ಅದು ಸೊಕ್ಕಲ್ಲ

1/5
ನಮ್ಮ ಅಮೀನಗಡದಾಗ ಅಪ್ಪ ಮಾತು ಕಮ್ಮಿ ಆಡಿದ್ರ "ಭಾಳ ಗಂಭೀರ ಮನುಷ್ಯ" ಅಂತೀವಿ. ಅವ್ವ ಮಾತು ಕಮ್ಮಿ ಆಡಿದ್ರ "ಭಾಳ ಸೊಕ್ಕು" ಅಂತೀವಿ. ಆಕಿ ಕೈಯಾಗ ಪುಸ್ತಕ ಇದ್ದರಂತೂ ಮುಗೀತು. "ಈ ವಯಸ್ಸಿನ್ಯಾಗ ಯಾವ ಪರೀಕ್ಷೆ ಬರೀತಾಳ?" ಅಂತ ಓಣಿ ತುಂಬ ಮಾತು. ಗುಣ ಒಂದೇ, ಹೆಸರು ಎರಡು. ಬಿಕಾಂ ಓದೋ ನನಗೆ ಈ ಲೆಕ್ಕ ಟ್ಯಾಲಿ ಆಗವಲ್ದು.

2/5
ಇನ್ನೊಂದು ತಮಾಷೆ ನೋಡ್ರಿ. ಬಯೋದಾಗ "ಇಂಟ್ರೋವರ್ಟ್" ಅಂತ ಬರ್ಕೊಂಡು ಸ್ಟೈಲ್ ಹೊಡಿಯೋರು ನಾವ. ಮನ್ಯಾಗ ಖರೇ ಅಂತರ್ಮುಖಿ ಅವ್ವ ಇದ್ರ "ನಮ್ಮವ್ವ ಯಾರ ಜೊತಿನೂ ಬೆರೆಯಂಗಿಲ್ಲ" ಅಂತ ನಾಚಿಕೊಳ್ಳೋರೂ ನಾವ. ಕಾರ್ಲ್ ಯೂಂಗ್ ಅನ್ನೋ ಮನಃಶಾಸ್ತ್ರಜ್ಞ 1921ರಲ್ಲೇ ಅಂತರ್ಮುಖಿ, ಬಹಿರ್ಮುಖಿ ಅಂತ ವಿಂಗಡಿಸಿ ಪುಸ್ತಕ ಬರೆದ. ಕೆಲವರ ಮನಸ್ಸು ಹೊರಗಿನ ಗದ್ದಲಕ್ಕಿಂತ ಒಳಗೇ ಹೆಚ್ಚು ನೆಲೆಸ್ತದೆ, ಅಷ್ಟೇ. ಅದಕ್ಕೂ ಸೊಕ್ಕಿಗೂ ಸಂಬಂಧ ಇಲ್ಲ.

3/5
ನಮ್ಮವ್ವ ಮದುವೆ ಮನಿಯಾಗ ಒಂದ ತಾಸಿಗೆ ದಣೀತಾಳ. ರಾತ್ರಿ ಭಾಂಡೆ ತೊಳೆದು, ಅರ್ಧ ತಾಸು ಕಾದಂಬರಿ ಹಿಡಿದು ಕೂತ್ರ ಮುಖ ತಿಳಿ ಆಗ್ತದ. ಆಗಲೇ "ಅವ್ವಾ, ಚಹಾ", "ಅವ್ವಾ, ಅಂಗಿ ಎಲ್ಲೈತಿ?" ಅಂತ ಮನಿಮಂದಿಯೆಲ್ಲ ಕೂಗ್ತಾರ. ನಮ್ಮ ಮೊಬೈಲ್ ಚಾರ್ಜಿಗೆ ಇಟ್ಟಾಗ ಯಾರಾದ್ರೂ ಪಿನ್ನು ಕಿತ್ತರೆ ಜಗಳಕ್ಕೇ ಹೋಗ್ತೀವಿ. ಆಕಿ ಚಾರ್ಜಿಗೆ ಕೂತಾಗ?

4/5
"ಓದಿ ಏನ್ ಮಾಡ್ತಾರ?" ಅನ್ನೋರಿಗೆ ಒಂದು ಹೆಸರು: ಎಂ.ಕೆ. ಇಂದಿರಾ. ಹುಟ್ಟಿದ್ದು 1917. ಶಾಲೆ ಕಲಿತದ್ದು 7 ವರ್ಷ, ಆಮೇಲೆ 12ಕ್ಕೇ ಮದುವೆ. ಹಳಗನ್ನಡ ಕಾವ್ಯ, ಹಿಂದಿ ಸಾಹಿತ್ಯ ಓದಿಕೊಂಡಿದ್ದ ಗೃಹಿಣಿ. ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ, ಅಂದ್ರ ನಲವತ್ತೈದು ದಾಟಿದ ಮೇಲೆ. ಅವರ 'ಫಣಿಯಮ್ಮ' ಕಾದಂಬರಿಯನ್ನು ಪ್ರೇಮಾ ಕಾರಂತ ಸಿನಿಮಾ ಮಾಡಿದರು.
ಆದ್ರ ಎಲ್ಲಾ ಅವ್ವಂದಿರೂ ಲೇಖಕಿ ಆಗಲೇಬೇಕು ಅಂತಿಲ್ಲ. ಸಮಾಧಾನಕ್ಕ ಓದೋದೂ ಸಾಕು. ನಾವು ರೀಲ್ಸ್ ನೋಡಿದ್ದಕ್ಕ ಯಾರಿಗಾದ್ರೂ ಲಾಭದ ಲೆಕ್ಕ ಕೊಡ್ತೀವೇನು?

5/5
"ಅವ್ವ ಓದ್ಕೋತ ಕೂತ್ರ ರೊಟ್ಟಿ ಯಾರು ಬಡೀಬೇಕು?" ಅಂತ ಕಮೆಂಟ್ ಬರ್ತದ, ಗೊತ್ತು. ಉತ್ತರ: ನೀವು. ಕೈ ಎರಡೂ ಅದಾವಲ್ಲ?
ಇನ್ನೊಂದು ಮಾತು, ಕ್ಲಾಸ್‌ಮೇಟ್ಸ್‌ಗೆ. ಸೆಸ್ ಅಂದ್ರೇನು ಅಂತ ಪರೀಕ್ಷೆಗೆ ಬಾಯಿಪಾಠ ಮಾಡೀವಿ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರ ಪ್ರಕಾರ ಆಸ್ತಿ ತೆರಿಗೆ ಮೇಲೆ ಶೇ 6 ಗ್ರಂಥಾಲಯ ಸೆಸ್ ಐತಿ. ತೆರಿಗೆ 1,000 ಇದ್ರ 60 ರೂಪಾಯಿ. ಅಂದ್ರ ನಿಮ್ಮವ್ವನ ಪುಸ್ತಕಕ್ಕ ಮನಿಯಿಂದ ರೊಕ್ಕ ಆಗಲೇ ಹೋಗೇತಿ. ಆಕಿ ಹೆಸರಿನ್ಯಾಗ ಸದಸ್ಯತ್ವದ ಕಾರ್ಡ್ ಮಾಡಿಸ್ರಿ. ಎಂಥಾ ಪುಸ್ತಕ ಬೇಕಂತ ಆಕಿನ್ನ ಕೇಳಿ, ತಂದು ಕೊಡ್ರಿ.
ಕೊಟ್ಟ ಮೇಲೆ ಅರ್ಧ ತಾಸು ಕೂಗಬ್ಯಾಡ್ರಿ. ಅಂಗಿ ನೀವೇ ಹುಡುಕ್ಕೋರಿ.

#ಅಮೀನಗಡ #ಅವ್ವ #ಓದು