ನೌಕರಿಯ ಕರಾರುಪತ್ರ

ಓದದೆ ಸಹಿ ಹಾಕುವ ಅಭ್ಯಾಸವು ನಮ್ಮ ಸುಶಿಕ್ಷಿತ ತರುಣರಲ್ಲಿಯೂ ಬೇರೂರಿರುವುದು ವಿಷಾದಕರವು. ನೌಕರಿ ಬಿಟ್ಟ ಮೇಲೆಯೂ ಅದೇ ಕಸುಬನ್ನು ಬೇರೆಡೆ ಮಾಡಕೂಡದೆಂದು ಕೆಲವು ಮಾಲಕರು ಬರೆಯಿಸಿಕೊಳ್ಳುವರು. 1872ನೆಯ ಇಸವಿಯ ಕರಾರು ಕಾಯಿದೆಯ 27ನೆಯ ಕಲಮಿನ ಮೇರೆಗೆ ಇಂತಹ ಷರತ್ತು ನಿರರ್ಥಕವು. ಆದರೂ ಬೆದರಿಕೆಯ ಸಾಧನವಾಗಿ ಅದು ಕಾಗದದಲ್ಲಿ ಉಳಿದೇ ಇದೆ.

ಇಷ್ಟು ವರ್ಷ ದುಡಿಯುವೆನು, ತಪ್ಪಿದರೆ ಇಷ್ಟು ಹಣ ಕೊಡುವೆನು ಎಂಬ ಮುಚ್ಚಳಿಕೆಯ ಮಾತು ಬೇರೆ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟು 2 ಲಕ್ಷ ರೂಪಾಯಿ ತೆತ್ತ ಪ್ರಕರಣದಲ್ಲಿ, ಕರ್ನಾಟಕ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ ಸುಪ್ರೀಂ ಕೋರ್ಟು 2025ರಲ್ಲಿ ಆ ಷರತ್ತನ್ನು ಎತ್ತಿಹಿಡಿಯಿತು. ಸರಕಾರಿ ಬ್ಯಾಂಕು ಬಹಿರಂಗ ನೇಮಕಕ್ಕಾಗಿ ಮಾಡುವ ವೆಚ್ಚವನ್ನು ನ್ಯಾಯಾಧೀಶರು ಗಣನೆಗೆ ತಂದುಕೊಂಡರು. ತರಬೇತಿಯನ್ನೇ ಕೊಡದ ಖಾಸಗಿ ಮಾಲಕರು ಇದನ್ನೇ ಆಧಾರವೆಂದು ತೋರಿಸಿ ನೌಕರರ ಮೂಲ ಪ್ರಮಾಣಪತ್ರಗಳಿಗೆ ಬೀಗ ಹಾಕಿಡಲು ಹೊರಟರೆ, ಅದನ್ನು ನಾವು ಒಪ್ಪಲಾರೆವು.