ಮೊಳಕೆಯಲ್ಲಿ ಕಾಣುವುದೆಷ್ಟು?

ಕಳೆದ ತಿಂಗಳ ನಮ್ಮ ಬಳಗದ ಕೂಟದಲ್ಲಿ ಹಿರಿಯರೊಬ್ಬರು ಅಮೆರಿಕದಲ್ಲಿರುವ ಮಗಳ ಮನೆಯಲ್ಲಿ ಕಳೆದ ದಿನಗಳ ಅನುಭವವನ್ನು ಹಂಚಿಕೊಳ್ಳುತ್ತ, ಅಲ್ಲಿನ ವೃತ್ತಿಪರ ಫುಟ್‌ಬಾಲ್ ತಂಡಗಳು ಕಾಲೇಜು ಆಟಗಾರರನ್ನು ಆಯ್ದುಕೊಳ್ಳುವ ‘ಡ್ರಾಫ್ಟ್’ ಎಂಬ ಮೂರು ದಿನಗಳ ಉತ್ಸವವನ್ನು ಮನಸಾರೆ ಹೊಗಳಿದರು. ಅಷ್ಟೊಂದು ಅಳತೆ, ಅಷ್ಟೊಂದು ಪರೀಕ್ಷೆ, ಒಬ್ಬೊಬ್ಬ ಹುಡುಗನ ಬೆನ್ನು ಹತ್ತಿ ಊರೂರು ಅಲೆಯುವ ಅಷ್ಟೊಂದು ಪರಿಣತರು! ಪ್ರತಿಭೆಯನ್ನು ಗುರುತಿಸುವ ಕೆಲಸವನ್ನು ಅವರು ಶಾಸ್ತ್ರವಾಗಿ ಬೆಳೆಸಿದ್ದಾರೆ, ನಾವು ಮಾತ್ರ ಇನ್ನೂ ಶಿಫಾರಸು ವಶೀಲಿಗಳಲ್ಲೇ ಮುಳುಗಿದ್ದೇವೆ ಎಂಬುದು ಅವರ ಮಾತಿನ ಸಾರ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯೊಂದಿಗೆ ಮಾತು ಮುಗಿಸಿದರು. ಚಪ್ಪಾಳೆಯೂ ಬಿತ್ತು. ಮರುಮಾತಿಗೆ ನನಗೆ ಸಿಕ್ಕಿದ್ದು ಎರಡು ನಿಮಿಷ. ಅದರಲ್ಲಿ ತೊದಲಿದ್ದೇ ಹೆಚ್ಚು. ಆಡಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿರಿಯರ ಮೇಲಿನ ಗೌರವಕ್ಕೆ ಕುಂದಿಲ್ಲ. ಆದರೆ ಅವರು ಶಾಸ್ತ್ರವೆಂದು ಕರೆದದ್ದು ಶಾಸ್ತ್ರವಲ್ಲ. ಶಾಸ್ತ್ರದ ಉಡುಪು ತೊಟ್ಟ ಊಹೆ. ಊಹೆ ತಪ್ಪಾಗುವುದರಲ್ಲಿ ಅವಮಾನವೇನೂ ಇಲ್ಲ. ನನ್ನ ತಕರಾರು ಬೇರೆ: ಊಹೆ ತಪ್ಪಿದಾಗ ಆ ಸಾಲವನ್ನು ಊಹಿಸಿದವನ ಲೆಕ್ಕಕ್ಕೆ ಬರೆಯದೆ ಇಪ್ಪತ್ತೊಂದು ವರ್ಷದ ಹುಡುಗನ ಹೆಸರಿಗೆ ಬರೆಯುತ್ತಾರೆ.

ಈ ಆಟವನ್ನು ನೋಡದವರಿಗಾಗಿ ಒಂದು ಮಾತು. ಇದು ನಾವು ಕಾಲಿನಿಂದ ಆಡುವ ಫುಟ್‌ಬಾಲ್ ಅಲ್ಲ. ಹನ್ನೊಂದು ಮಂದಿಯ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬುವವನ ಕೈಗೆ ಚೆಂಡು ಬರುತ್ತದೆ. ಎದುರಾಳಿಗಳು ಮೈಮೇಲೆ ಬೀಳಲು ಧಾವಿಸುತ್ತಿರುವ ಎರಡು ಮೂರು ಸೆಕೆಂಡುಗಳಲ್ಲಿ, ಮುಂದೆ ಓಡುತ್ತಿರುವ ತನ್ನವರಲ್ಲಿ ಯಾರಿಗೆ, ಎಷ್ಟು ದೂರ, ಎಷ್ಟು ಎತ್ತರಕ್ಕೆ ಎಸೆಯಬೇಕೆಂದು ಅವನು ನಿರ್ಧರಿಸಬೇಕು. ಐವರು ಅವನಿಗೆ ಗೋಡೆಯಾಗಿ ನಿಲ್ಲುತ್ತಾರೆ; ಗೋಡೆ ಬಿರುಕು ಬಿಟ್ಟರೆ ಅವನ ಜಾಣತನಕ್ಕೆ ಅವಕಾಶವೇ ಇಲ್ಲ. ಯಾವ ವ್ಯೂಹ ಎಂಬುದನ್ನು ಹೆಚ್ಚಿನ ವೇಳೆ ತರಬೇತುದಾರ ಹೇಳುತ್ತಾನೆ. ಕ್ರಿಕೆಟ್ಟಿನ ಬ್ಯಾಟುಗಾರನಿಗೆ ಚೆಂಡು ಬಂದಾಗ ಅವನೂ ಚೆಂಡೂ ಇಬ್ಬರೇ. ಕ್ವಾರ್ಟರ್‌ಬ್ಯಾಕ್ ಎಂದೂ ಒಬ್ಬನಲ್ಲ. ಆದರೂ ಅವನನ್ನು ತೂಗುವುದು ಒಬ್ಬನನ್ನಾಗಿಯೇ.

ತೂಗುವ ಬಗೆಯೂ ಸ್ವಾರಸ್ಯಕರ. ಪ್ರತಿ ವರ್ಷ ಇಂಡಿಯಾನಪೊಲಿಸ್ ನಗರದಲ್ಲಿ ‘ಕಂಬೈನ್’ ಎಂಬ ಪರೀಕ್ಷೆ ನಡೆಯುತ್ತದೆ. ಎತ್ತರ, ತೂಕ, ನಲವತ್ತು ಗಜದ ಓಟ, ನೆಗೆತ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಚಾಚಿದ ಅಂಗೈಯ ಅಗಲ. ಬೀಜದ ಹೋರಿಯ ಪರಿಷೆಯಲ್ಲಿ ಹಲ್ಲು ನೋಡುವಂತೆ. ಹನ್ನೆರಡು ನಿಮಿಷಗಳಲ್ಲಿ ಐವತ್ತು ಪ್ರಶ್ನೆಗಳ ಬುದ್ಧಿಪರೀಕ್ಷೆಯೊಂದನ್ನು ದಶಕಗಳ ಕಾಲ ನಡೆಸಿ, 2022ರಲ್ಲಿ ಸದ್ದಿಲ್ಲದೆ ಕೈಬಿಟ್ಟರು. ಅಷ್ಟು ವರ್ಷ ಅದರ ಅಂಕಗಳನ್ನು ಹಿಡಿದು ಹುಡುಗರನ್ನು ದಡ್ಡರೆಂದು ಆಡಿಕೊಂಡವರು ಯಾರೂ ಕ್ಷಮೆ ಕೇಳಿದ್ದನ್ನು ನಾನು ಕಾಣೆ. 2020ರಲ್ಲಿ ಜೋ ಬರೋ ಎಂಬವನ ಅಂಗೈ ಒಂಬತ್ತು ಇಂಚು ಮಾತ್ರ ಎಂಬುದು ಗಂಭೀರ ಚರ್ಚೆಯ ವಿಷಯವಾಯಿತು. ಆ ಕೈಯಿಂದಲೇ ಅವನು ಹಿಂದಿನ ಋತುವಿನಲ್ಲಿ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ರಾಷ್ಟ್ರೀಯ ಕಿರೀಟ ಗೆದ್ದುಕೊಟ್ಟಿದ್ದ.

ಟಾಮ್ ಬ್ರೇಡಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಹಾಗಾಗಿ ಬೇಗ ಮುಗಿಸುತ್ತೇನೆ. 2000ದ ಡ್ರಾಫ್ಟಿನಲ್ಲಿ ಅವನಿಗಿಂತ ಮೊದಲು ಆರು ಮಂದಿ ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು. ಅವನ ಸರದಿ ಬಂದದ್ದು 199ನೆಯದಾಗಿ. ಮುಂದೆ ಏಳು ಸೂಪರ್ ಬೌಲ್ ಗೆದ್ದ. ಒಂದು ಅಪವಾದದಿಂದ ನಿಯಮ ಮುರಿಯುವುದಿಲ್ಲವೆಂದು ಹಿರಿಯರು ಹೇಳಬಹುದು. ಒಪ್ಪಿದೆ. ಹಾಗಾದರೆ ನಿಯಮವನ್ನೇ ನೋಡೋಣ. ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್, ಕೇಡ್ ಮ್ಯಾಸಿಯೊಡನೆ ಸೇರಿ ಹಲವಾರು ವರ್ಷಗಳ ಡ್ರಾಫ್ಟುಗಳನ್ನು ಜಾಲಾಡಿದರು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು, ಅವನ ಬೆನ್ನಿಗೇ ಆಯ್ಕೆಯಾದವನಿಗಿಂತ ಮೇಲಾಗುವ ಸಂಭವ ಎಷ್ಟು? ನೂರಕ್ಕೆ 52. ಇದು ಕ್ವಾರ್ಟರ್‌ಬ್ಯಾಕ್‌ಗಳೊಬ್ಬರದೇ ಅಲ್ಲ, ಎಲ್ಲ ಸ್ಥಾನಗಳ ಲೆಕ್ಕ. ನಾಣ್ಯ ಚಿಮ್ಮಿದರೆ 50 ಬರುತ್ತದೆ. ಮಿಕ್ಕ ಎರಡಂಕಕ್ಕೆ ಇಷ್ಟು ದೊಡ್ಡ ಪರಿಷೆ.

ಆದರೆ ಅಂಕಿಯಿಂದ ಯಾರ ಮನಸ್ಸೂ ಬದಲಾಗುವುದಿಲ್ಲವೆಂದು ಬಲ್ಲೆ. ನನ್ನ ಮನಸ್ಸನ್ನು ಬದಲಾಯಿಸಿದ್ದು ಒಬ್ಬ ಮನುಷ್ಯನ ಕಥೆ. ವರ್ಷಗಳ ಕಾಲ ಅಮೆರಿಕದ ಸಹೋದ್ಯೋಗಿಗಳ ಜೊತೆ ರಾತ್ರಿ ಪಾಳಿಯಲ್ಲಿ ದುಡಿದವನು ನಾನು. ಸೋಮವಾರ ಕೆಲಸಕ್ಕೆ ಮುನ್ನ ಅವರಿಗೆ ಬೇಕಾದದ್ದು ಹಿಂದಿನ ದಿನದ ಆಟದ ಮಾತು. ಅವರ ಬಾಯಲ್ಲಿ ನಾನು ಮೊದಲು ಕೇಳಿದ ಬೈಗುಳವೇ ಅಲೆಕ್ಸ್ ಸ್ಮಿತ್ ಎಂಬ ಹೆಸರು.

2005ರಲ್ಲಿ ಮೊದಲ ಆಯ್ಕೆಯ ಹಕ್ಕು ಸ್ಯಾನ್ ಫ್ರಾನ್ಸಿಸ್ಕೋ ತಂಡದ್ದಾಗಿತ್ತು. ಕಣದಲ್ಲಿದ್ದವರು ಇಬ್ಬರು: ಯೂಟಾ ವಿಶ್ವವಿದ್ಯಾಲಯದ ಸ್ಮಿತ್, ಕ್ಯಾಲಿಫೋರ್ನಿಯಾದ ಆರನ್ ರಾಜರ್ಸ್. ಸ್ಮಿತ್‌ಗೆ ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. ಹಿಂದಿನ ಋತುವಿನಲ್ಲಿ ಅವನ ತಂಡ ಒಂದು ಪಂದ್ಯವನ್ನೂ ಸೋತಿರಲಿಲ್ಲ. ರಾಜರ್ಸ್ ಅದೇ ಉತ್ತರ ಕ್ಯಾಲಿಫೋರ್ನಿಯಾದ ಹುಡುಗ, ಬಾಲ್ಯದಿಂದ ಅದೇ ತಂಡದ ಅಭಿಮಾನಿ. ತಂಡ ಸ್ಮಿತ್‌ನನ್ನು ಆರಿಸಿತು. ರಾಜರ್ಸ್ ಕ್ಯಾಮೆರಾಗಳ ಮುಂದೆ ಗಂಟೆಗಟ್ಟಲೆ ಕಾದು ಕುಳಿತು 24ನೆಯವನಾಗಿ ಗ್ರೀನ್ ಬೇ ತಂಡ ಸೇರಿದ.

ಮುಂದಾದದ್ದನ್ನು ಗಮನಿಸಿ. ಗ್ರೀನ್ ಬೇಯಲ್ಲಿ ಬ್ರೆಟ್ ಫಾವ್ರ್ ಎಂಬ ದಿಗ್ಗಜನಿದ್ದುದರಿಂದ ರಾಜರ್ಸ್ ಮೂರು ವರ್ಷ ಬದಿಯಲ್ಲಿ ಕುಳಿತು ಕಲಿತ. ಸ್ಮಿತ್‌ನನ್ನು ಮೊದಲ ಋತುವಿನಲ್ಲೇ ಸೋಲುತ್ತಿದ್ದ ತಂಡದ ಮುಂದಕ್ಕೆ ದೂಡಿದರು. ಆ ವರ್ಷ ಅವನ ಎಸೆತಗಳಿಂದ ಬಂದದ್ದು ಒಂದೇ ಒಂದು ಟಚ್‌ಡೌನ್. ಎದುರಾಳಿಗಳ ಕೈಗೆ ಬಿದ್ದದ್ದು ಹನ್ನೊಂದು. ಆಟದ ವ್ಯೂಹವನ್ನು ಕಲಿಸುವ ಸಂಯೋಜಕರು ಮೊದಲ ನಾಲ್ಕು ವರ್ಷಗಳಲ್ಲಿ ನಾಲ್ವರು ಬದಲಾದರು. ಪ್ರತಿಯೊಬ್ಬನದೂ ಬೇರೆ ಪರಿಭಾಷೆ, ಬೇರೆ ಲೆಕ್ಕಾಚಾರ. ಕನ್ನಡದಲ್ಲಿ ಕಾಗುಣಿತ ಮುಗಿಸುವಷ್ಟರಲ್ಲಿ ತೆಲುಗಿಗೆ, ತೆಲುಗು ತಿದ್ದುವಷ್ಟರಲ್ಲಿ ಮರಾಠಿಗೆ ಮಗುವನ್ನು ವರ್ಗಾಯಿಸಿ, ನಾಲ್ಕನೆಯ ವರ್ಷ ‘ಈ ಮಗುವಿಗೆ ಓದಲು ಬರುವುದಿಲ್ಲ’ ಎಂದು ಷರಾ ಬರೆದಂತೆ. ನಡುವೆ ಭುಜ ಮುರಿಯಿತು. ನನ್ನ ಸಹೋದ್ಯೋಗಿಗಳು ಅವನನ್ನು ಕರೆಯುತ್ತಿದ್ದುದು ‘ಬಸ್ಟ್’ ಎಂದು. ದಿವಾಳಿ ಸರಕು ಎಂದು ಅರ್ಥ ಮಾಡಿಕೊಳ್ಳಬಹುದು.

ಆ ನಾಲ್ವರು ಸಂಯೋಜಕರಲ್ಲಿ ಮೊದಲನೆಯವನು ಮೈಕ್ ಮೆಕಾರ್ಥಿ. ಅವನು 2006ರಲ್ಲಿ ಗ್ರೀನ್ ಬೇಯ ಮುಖ್ಯ ತರಬೇತುದಾರನಾಗಿ ಹೋದ. ಸ್ಮಿತ್‌ನನ್ನು ಆರಿಸಿ ರಾಜರ್ಸ್‌ನನ್ನು ಬಿಟ್ಟುಬಿಟ್ಟ ತಂಡದಲ್ಲಿದ್ದವನ ಕೈಕೆಳಗೇ ರಾಜರ್ಸ್ ಪಳಗಿ, ಸೂಪರ್ ಬೌಲ್ ಗೆದ್ದು, ಎರಡು ಬಾರಿ ವರ್ಷದ ಅತ್ಯುತ್ತಮ ಆಟಗಾರನಾದ. ತರಬೇತುದಾರ ಅವನೇ; ಸುತ್ತಲಿನ ತಂಡ ಬೇರೆ, ಕೊಟ್ಟ ಸಮಯ ಬೇರೆ. ಇಷ್ಟರ ಮೇಲೂ ‘ಸಿರಿ ಮೊಳಕೆಯಲ್ಲೇ ಇತ್ತು’ ಎನ್ನುವವರಿದ್ದರೆ, ಸ್ಮಿತ್‌ನ ಉತ್ತರಾರ್ಧವನ್ನೂ ಕೇಳಬೇಕು. 2011ರಲ್ಲಿ ಜಿಮ್ ಹಾರ್ಬಾ ಎಂಬ ಹೊಸ ತರಬೇತುದಾರ ಬಂದೊಡನೆ ಅದೇ ಸ್ಮಿತ್, ಅದೇ ಊರಿನಲ್ಲಿ, ಹದಿನಾರು ಪಂದ್ಯಗಳಲ್ಲಿ ಹದಿಮೂರನ್ನು ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದ. ಮರುವರ್ಷ ಗಾಯಗೊಂಡು ಕುಳಿತಾಗ ಅವನ ಜಾಗ ಹೋಯಿತು. ಅವನು ಕಾನ್ಸಾಸ್ ಸಿಟಿಗೆ ಹೋದ. ಅಲ್ಲಿ 2017ರಲ್ಲಿ ಎಸೆತದ ಗುಣಾಂಕದಲ್ಲಿ ಇಡೀ ಲೀಗಿಗೇ ಮೊದಲಿಗನಾದ. ಆ ವರ್ಷ ಅವನ ಹಿಂದೆ ಬದಿಯಲ್ಲಿ ಕುಳಿತು ಕಲಿಯುತ್ತಿದ್ದ ಹುಡುಗನ ಹೆಸರು ಪ್ಯಾಟ್ರಿಕ್ ಮಹೋಮ್ಸ್. ಮುಂದಿನ ವರ್ಷವೇ ಮಹೋಮ್ಸ್ ಲೀಗಿನ ಅತ್ಯುತ್ತಮ ಆಟಗಾರನಾದ. ಡ್ರಾಫ್ಟಿನಲ್ಲಿ ಮಹೋಮ್ಸ್‌ಗಿಂತ ಎಂಟು ಸ್ಥಾನ ಮೊದಲು, ಎರಡನೆಯವನಾಗಿ, ಮಿಚೆಲ್ ಟ್ರುಬಿಸ್ಕಿಯನ್ನು ಆರಿಸಿದ್ದು ಶಿಕಾಗೊ ತಂಡ. ಆ ಆಯ್ಕೆಗೂ ಅಳತೆಪಟ್ಟಿ ಹಿಡಿದವರು ಇವರೇ.

ಅಳತೆಪಟ್ಟಿಗೆ ಸಿಗದ್ದನ್ನು ತೂಗಲು ಒಂದು ಶಬ್ದಕೋಶವೇ ಇದೆ. ನಾಯಕತ್ವ, ಧೀಮಂತಿಕೆ, ದೇಹಭಾಷೆ, ಕಣ್ಣಿನ ಹೊಳಪು. ಪೂರ್ವಗ್ರಹ ಬಚ್ಚಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಅಟ್ಟ ಸಿಗದು. 1978ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು ರೋಸ್ ಬೌಲ್‌ನಲ್ಲಿ ಗೆಲ್ಲಿಸಿದ ವಾರನ್ ಮೂನ್‌ನನ್ನು ಒಂದು ತಂಡವೂ ಆರಿಸಲಿಲ್ಲ. ಕಪ್ಪು ಹುಡುಗ ಈ ಸ್ಥಾನಕ್ಕೆ ತಕ್ಕವನಲ್ಲ, ಬೇರೆ ಸ್ಥಾನಕ್ಕೆ ಬರಲಿ ಎಂಬುದು ಆ ಕಾಲದ ಪರಿಣತಿ. ಅವನು ಕೆನಡಾಕ್ಕೆ ಹೋಗಿ ಎಡ್ಮಂಟನ್ ತಂಡದೊಂದಿಗೆ ಸತತ ಐದು ಬಾರಿ ಅಲ್ಲಿನ ಕಪ್ ಗೆದ್ದು, 1984ರಲ್ಲಿ ಮರಳಿ ಬಂದು, 2006ರಲ್ಲಿ ಅಮೆರಿಕದ ಫುಟ್‌ಬಾಲ್ ಕೀರ್ತಿಭವನವನ್ನು ಸೇರಿದ. ಹಳೆಯ ಕಥೆ ಎನ್ನುವಿರಾ? ನಲವತ್ತು ವರ್ಷಗಳ ತರುವಾಯ, 2018ರಲ್ಲಿ, ಲೂಯಿವಿಲ್‌ನ ಲಮಾರ್ ಜಾಕ್ಸನ್‌ನಿಗೆ ಬಿಲ್ ಪೋಲಿಯನ್ ಎಂಬ ಹೆಸರಾಂತ ಮಾಜಿ ಆಡಳಿತಗಾರ ಕೊಟ್ಟ ಸಲಹೆ ಅದೇ: ಎಸೆಯುವುದು ಬಿಡು, ಹಿಡಿಯುವವನಾಗು. ಜಾಕ್ಸನ್ ಒಪ್ಪಲಿಲ್ಲ. ಮೊದಲ ಸುತ್ತಿನ ಕಟ್ಟಕಡೆಯವನಾಗಿ, 32ನೆಯವನಾಗಿ ಆಯ್ಕೆಯಾಗಿ, ಎರಡನೆಯ ಋತುವಿನಲ್ಲೇ ಒಂದು ಮತವೂ ತಪ್ಪದಂತೆ ಅತ್ಯುತ್ತಮ ಆಟಗಾರನ ಪ್ರಶಸ್ತಿ ಪಡೆದ. ಪೋಲಿಯನ್ ತಾನು ತಪ್ಪಿದೆನೆಂದು ಒಪ್ಪಿಕೊಂಡದ್ದು ದೊಡ್ಡತನ. ಆ ದೊಡ್ಡತನ ಅಪರೂಪ ಎಂಬುದರಿಂದಲೇ ಅದು ಸುದ್ದಿಯಾಯಿತು.

ಹಾಗಾದರೆ ಆರಿಸುವುದೇ ಬೇಡವೇ? ಮೂವತ್ತೆರಡು ತಂಡಗಳು ಚೀಟಿ ಎತ್ತಲೇ? ಕೂಟದಲ್ಲಿ ನನಗೆ ಎದುರಾದ ಪ್ರಶ್ನೆ ಇದು, ನ್ಯಾಯವಾದದ್ದೂ ಹೌದು. ಏನೂ ತಿಳಿಯುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಹುಡುಗ ಎಷ್ಟು ಪಂದ್ಯ ಆಡಿದ್ದಾನೆ, ಒತ್ತಡದಲ್ಲಿ ಅವನ ಎಸೆತ ಎಷ್ಟು ನೆಟ್ಟಗಿದೆ, ತಪ್ಪಿದ ಮೇಲೆ ಮುಂದಿನ ವಾರ ಏನು ತಿದ್ದಿಕೊಂಡ, ಇವೆಲ್ಲ ನೋಡತಕ್ಕವೇ. ಆದರೆ ಅಂಕಿಯನ್ನೇ ನಂಬುವವರಿಗೂ ಗರ್ವ ಬೇಡ. ಜಾಶ್ ಅಲೆನ್ ವಯೋಮಿಂಗ್ ವಿಶ್ವವಿದ್ಯಾಲಯದಲ್ಲಿದ್ದಾಗ ಅವನ ನೂರು ಎಸೆತಗಳಲ್ಲಿ ಗುರಿ ಮುಟ್ಟುತ್ತಿದ್ದುದು ಐವತ್ತಾರು. ಅಂಕಿಗಳನ್ನು ನೋಡಿದವರು ‘ಬೇಡ’ ಎಂದರು. ನಾನೂ ಹಾಗೆಯೇ ಅಂದಿದ್ದೆ. ಸಹೋದ್ಯೋಗಿಯೊಬ್ಬನ ಜೊತೆ ಒಂದು ಊಟದ ಪಂದ್ಯ ಕಟ್ಟಿದ್ದೆ, ಆ ಬಾಕಿ ಇನ್ನೂ ತೀರಿಲ್ಲ.

2018ರಲ್ಲಿ ಅಲೆನ್‌ನನ್ನು ಏಳನೆಯವನಾಗಿ ಆರಿಸಿದ ಬಫಲೊ ತಂಡ ಅವನಿಗೆ ನಾಲ್ಕು ವರ್ಷ ಒಬ್ಬನೇ ಸಂಯೋಜಕನನ್ನು ಕೊಟ್ಟಿತು. ಮೂರನೆಯ ವರ್ಷ ಸ್ಟೆಫಾನ್ ಡಿಗ್ಸ್ ಎಂಬ ನುರಿತ ಹಿಡಿಯುವವನನ್ನು ತಂದುಕೊಟ್ಟಿತು. ಮೊದಲ ವರ್ಷ ಐವತ್ತಮೂರರ ಆಸುಪಾಸಿನಲ್ಲಿದ್ದ ಗುರಿ ಮೂರನೆಯ ವರ್ಷ ಅರವತ್ತೊಂಬತ್ತಕ್ಕೇರಿತು. ಅದೇ ಡ್ರಾಫ್ಟಿನಲ್ಲಿ ಮೂರೇ ಸ್ಥಾನ ಕೆಳಗೆ, ಹತ್ತನೆಯವನಾಗಿ, ಅರಿಝೋನಾ ತಂಡ ಜಾಶ್ ರೋಸನ್‌ನನ್ನು ಆರಿಸಿತ್ತು. ಆ ವರ್ಷದ ಎಲ್ಲ ಹುಡುಗರಲ್ಲಿ ಎಸೆತದ ಶೈಲಿ ಅತ್ಯಂತ ಸಿದ್ಧವಾಗಿರುವುದು ಇವನದೇ ಎಂದು ಅನೇಕರು ಬರೆದಿದ್ದರು. ಋತುವಿನ ನಡುವೆಯೇ ಅವನ ಸಂಯೋಜಕನನ್ನು ತೆಗೆದರು, ಋತು ಮುಗಿದೊಡನೆ ಮುಖ್ಯ ತರಬೇತುದಾರನನ್ನು ತೆಗೆದರು, ಮುಂದಿನ ಡ್ರಾಫ್ಟಿನಲ್ಲಿ ಬೇರೊಬ್ಬ ಕ್ವಾರ್ಟರ್‌ಬ್ಯಾಕನ್ನು ತಂದು ರೋಸನ್‌ನನ್ನು ಮಯಾಮಿಗೆ ದಾಟಿಸಿದರು. ಒಂದೇ ವರ್ಷ. ಅವನು ಅಲ್ಲಿಂದ ಊರೂರು ಸುತ್ತಿ ಕಣ್ಮರೆಯಾದ. ಬಫಲೊದಲ್ಲಿ ರೋಸನ್, ಅರಿಝೋನಾದಲ್ಲಿ ಅಲೆನ್ ಆಗಿದ್ದರೆ? ರೋಸನ್ ಮಹಾನ್ ಆಟಗಾರನಾಗುತ್ತಿದ್ದ ಎಂದು ನಾನು ಹೇಳಲಾರೆ. ಆಗುತ್ತಿರಲಿಲ್ಲವೆಂದು ಅಷ್ಟು ನಿಶ್ಚಯವಾಗಿ ಹೇಳುವವರಿಗೆ ಆ ನಿಶ್ಚಯ ಎಲ್ಲಿಂದ ಬಂತು ಎಂಬುದಷ್ಟೇ ನನ್ನ ಪ್ರಶ್ನೆ.

ಹಿರಿಯರು ಹೇಳಿದ ಗಾದೆ ಬೇಸಾಯದವರದು. ಬೇಸಾಯ ಮಾಡಿದ ನನ್ನ ಅಜ್ಜ ಮೊಳಕೆಯನ್ನು ನೋಡುವ ಮೊದಲು ಮಣ್ಣನ್ನು ಹಿಡಿಯಲ್ಲಿ ಹಿಸುಕಿ ನೋಡುತ್ತಿದ್ದ. ಪೈರು ಸೊರಗಿದರೆ ನೀರು ಬಿಟ್ಟವನನ್ನು ಬೈಯುತ್ತಿದ್ದನೇ ಹೊರತು ಪೈರನ್ನಲ್ಲ. ಡ್ರಾಫ್ಟಿನ ರಾತ್ರಿ ಹುಡುಗನೊಬ್ಬನ ಎತ್ತರ, ತೂಕ, ಅಂಗೈ ಎಲ್ಲವೂ ಪರದೆಯ ಮೇಲೆ ಮೂಡುತ್ತವೆ. ಅವನನ್ನು ಆರಿಸಿದ ತಂಡ ಹತ್ತು ವರ್ಷಗಳಲ್ಲಿ ಎಷ್ಟು ತರಬೇತುದಾರರನ್ನು ಬದಲಿಸಿದೆ, ಎಷ್ಟು ಹುಡುಗರನ್ನು ಮುರಿದು ಹಾಕಿದೆ ಎಂಬುದೂ ಪಕ್ಕದಲ್ಲೇ ಮೂಡಲಿ. ಮೇಜಿನ ಸುತ್ತ ಕುಳಿತು ಭವಿಷ್ಯ ನುಡಿಯುವವರ ಹಿಂದಿನ ವರ್ಷಗಳ ಮಾತುಗಳೂ ಅವರ ಹೆಸರಿನ ಕೆಳಗೆ ಓಡಲಿ. ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ.

ಅಲೆಕ್ಸ್ ಸ್ಮಿತ್ 2018ರಲ್ಲಿ ವಾಷಿಂಗ್ಟನ್ ತಂಡಕ್ಕೆ ಆಡುತ್ತಿದ್ದಾಗ ಕಾಲು ಮುರಿದು, ಸೋಂಕು ತಗುಲಿ, ಹದಿನೇಳು ಶಸ್ತ್ರಚಿಕಿತ್ಸೆಗಳಿಗೆ ಒಳಗಾದ. ಎರಡು ವರ್ಷಗಳ ನಂತರ ಮತ್ತೆ ಅಂಗಳಕ್ಕಿಳಿದು ಆಡಿಯೂ ಆಡಿದ. ನಿವೃತ್ತನಾದ ಮೇಲೆ ದೂರದರ್ಶನ ವಾಹಿನಿಯೊಂದರಲ್ಲಿ ಆಟದ ವಿಶ್ಲೇಷಕನಾಗಿ ಸೇರಿಕೊಂಡ. ಹಿರಿಯರು ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಮಗಳ ಮನೆಗೆ ಹೊರಟಿದ್ದಾರೆಂದು ಕೇಳಿದೆ. ಅಲ್ಲಿ ಅವನ ಮಾತು ಕಿವಿಗೆ ಬಿದ್ದರೆ, ಏನು ಹೇಳಿದ ಎಂಬುದನ್ನು ಕೂಟಕ್ಕೆ ಬಂದು ತಿಳಿಸಬೇಕೆಂದು ಅವರಲ್ಲಿ ಕೇಳಿಕೊಳ್ಳುತ್ತೇನೆ.